ಹಳೆಯ ಫೋರ್ ವೀಲ್ ಡ್ರೈವ್, ದೂರದ ದಾರಿ: ಹಣ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ದೂರದ ಭೂಮಾರ್ಗದ ಪ್ರಯಾಣಕ್ಕೆಂದು ಹಳೆಯ ಫೋರ್ ವೀಲ್ ಡ್ರೈವ್ ಹುಡುಕಲು ಹೊರಟವರ ಕಣ್ಣಿಗೆ ಎರಡು ಜಾತಿಯ ಗಾಡಿಗಳು ಬೀಳುತ್ತವೆ. ಒಂದು, ಛಾವಣಿಯ ಮೇಲೆ ಟೆಂಟ್, ಮುಂದೆ ಕಬ್ಬಿಣದ ಬಂಪರ್ ಮತ್ತು ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಪಕ್ಕದಲ್ಲಿ ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ), ಹಿಂದೆ ಡ್ರಾಯರ್, ಫ್ರಿಡ್ಜ್ ಎಲ್ಲವನ್ನೂ ಹೊತ್ತು, ‘ಕೀಲಿ ತಿರುಗಿಸಿ ಹೊರಡುವುದಷ್ಟೇ ಬಾಕಿ’ ಎಂಬ ಮಾತಿನೊಂದಿಗೆ ಮಾರಾಟಕ್ಕೆ ನಿಂತದ್ದು. ಇನ್ನೊಂದು, ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದದ್ದು. ಬಣ್ಣ ಮಾಸಿದೆ, ಸೀಟು ಹರಿದಿದೆ, ಆದರೆ ಸರ್ವೀಸಿನ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿ ಜೋಪಾನವಾಗಿವೆ. ಹೆಚ್ಚಿನವರ ಮನಸ್ಸು ಮೊದಲನೆಯದರತ್ತ ಓಡುತ್ತದೆ. ನನ್ನ ಮತ ಎರಡನೆಯದಕ್ಕೆ.

ಸಜ್ಜಾದ ಗಾಡಿಯ ಪರವಾಗಿ ಒಂದು ಬಲವಾದ ವಾದವಿದೆ, ಅದನ್ನು ತಳ್ಳಿಹಾಕಲಾಗದು. ಟೆಂಟ್, ವಿಂಚ್, ಬ್ಯಾಟರಿಗಳನ್ನು ಹೊಸದಾಗಿ ಕೊಂಡರೆ ಆಗುವ ವೆಚ್ಚದ ಒಂದು ಸಣ್ಣ ಪಾಲನ್ನಷ್ಟೇ ಮಾರುವವನು ಬೆಲೆಯಲ್ಲಿ ಸೇರಿಸಿರುತ್ತಾನೆ. ಆದರೆ ಆ ಭಾರವನ್ನು ವರ್ಷಗಟ್ಟಲೆ ಹೊತ್ತಿರುವುದು ಅದೇ ಸ್ಪ್ರಿಂಗ್, ಅದೇ ಬೇರಿಂಗ್, ಅದೇ ಚಾಸಿ. ಡ್ಯಾಶ್‌ಬೋರ್ಡಿನ ಹಿಂದೆ ಹಿಂದಿನ ಮಾಲೀಕ ತನಗೆ ತೋಚಿದಂತೆ ಎಳೆದ ತಂತಿಗಳಿರುತ್ತವೆ. ಯಾವುದು ಯಾವ ಫ್ಯೂಸಿಗೆ ಹೋಗುತ್ತದೆ ಎಂಬುದು ಅವನಿಗೂ ಮರೆತಿರುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ಇಂಥ ಗಾಡಿಗಳಿಗೆ ತೀರಾ ಹೊಂದುವ ಮಾತು. ಸಲಕರಣೆಗಳನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ತುಕ್ಕಿಲ್ಲದ ಚಾಸಿಯನ್ನು, ಒಮ್ಮೆಯೂ ಅತಿಯಾಗಿ ಕಾಯದ ಎಂಜಿನನ್ನು ಹಾಗೆ ಕೊಳ್ಳಲು ಬರುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಸಜ್ಜಾದ ಗಾಡಿಯನ್ನೇ ಆರಿಸುತ್ತೇನೆ: ಮಾಲೀಕ ಅದರಲ್ಲಿ ನಿಜಕ್ಕೂ ದೂರ ಹೋಗಿಬಂದಿರಬೇಕು, ದಾರಿಯಲ್ಲಿ ಏನೇನು ಕೆಟ್ಟಿತು, ಏನನ್ನು ಬದಲಿಸಿದೆ ಎಂದು ಬಿಲ್ಲು ಸಮೇತ ಹೇಳಬಲ್ಲವನಾಗಿರಬೇಕು. ‘ಏನೂ ಕೆಟ್ಟಿಲ್ಲ’ ಎನ್ನುವವನಿಗಿಂತ ‘ಇಂಥಲ್ಲಿ ವಾಟರ್ ಪಂಪ್ ಹೋಯಿತು, ಇಂಥಲ್ಲಿ ಚಕ್ರದ ಹಬ್ಬಿನ ಬೇರಿಂಗ್ ಹಾಕಿಸಿದೆ’ ಎನ್ನುವವನನ್ನು ನಂಬಬಹುದು.

ಯಾವ ಗಾಡಿ, ಯಾವ ಕಾಲದ್ದು

ಈ ಬಗೆಯ ಪ್ರಯಾಣಿಕರ ಮಾತಿನಲ್ಲಿ ಪದೇ ಪದೇ ಬರುವ ಹೆಸರುಗಳು ನಾಲ್ಕೈದೇ. ಟೊಯೋಟಾ ಲ್ಯಾಂಡ್ ಕ್ರೂಸರ್‌ನ 70 ಸರಣಿ 1984ರಿಂದ ಇಂದಿನವರೆಗೂ ತಯಾರಾಗುತ್ತಲೇ ಇದೆ. ಅದರ ಬಿಡಿಭಾಗ ಸಿಗುವಷ್ಟು ಸುಲಭವಾಗಿ ಇನ್ನಾವುದರದೂ ದೂರದ ಊರುಗಳಲ್ಲಿ ಸಿಗುವುದಿಲ್ಲ. 1990ರಲ್ಲಿ ಬಂದ 80 ಸರಣಿಯಲ್ಲಿ ಕಾಯಿಲ್ ಸ್ಪ್ರಿಂಗ್ ಇದೆ, ಕೂರಲು ಹೆಚ್ಚು ಹಿತ, ಒಳಗೆ ಮಲಗಲೂ ಜಾಗವಿದೆ. ಎರಡರಲ್ಲೂ ಸಿಗುವ 4.2 ಲೀಟರಿನ 1ಎಚ್‌ಝಡ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇಲ್ಲ, ಅವಸರವೂ ಇಲ್ಲ. 80ರಲ್ಲೇ ಬರುವ 1ಎಚ್‌ಡಿ-ಟಿ ಟರ್ಬೊ ಎಂಜಿನ್ ಓಡಿಸಲು ಎಷ್ಟೋ ಚೆನ್ನ, ಆದರೆ ಮೊದಮೊದಲು ಬಂದವುಗಳಲ್ಲಿ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ದಂಡ ಕ್ರ್ಯಾಂಕ್ ಶಾಫ್ಟಿಗೆ ಸೇರುವಲ್ಲಿನ ಬೇರಿಂಗ್) ಬೇಗ ಸವೆಯುತ್ತದೆ ಎಂಬ ಕುಖ್ಯಾತಿ ಇದೆ. ಬೇರಿಂಗ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯಬೇಕು.

ನಿಸ್ಸಾನ್ ಪ್ಯಾಟ್ರೋಲ್ ವೈ61 ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇರುವ ದೃಢವಾದ ಗಾಡಿ. ಅದರಲ್ಲಿ 4.2 ಲೀಟರಿನ ಟಿಡಿ42 ಸಿಕ್ಕರೆ ಹಿಡಿದುಕೊಳ್ಳಿ; 3 ಲೀಟರಿನ ಝಡ್‌ಡಿ30ರ ಆರಂಭದ ಎಂಜಿನ್‌ಗಳಲ್ಲಿ ಪಿಸ್ಟನ್ ಹಾಳಾದ ಕಥೆಗಳು ಬಹಳ. ಲ್ಯಾಂಡ್ ರೋವರ್ ಡಿಫೆಂಡರ್‌ನ ಹಳೆಯ ರೂಪ 2016ರ ಜನವರಿಯಲ್ಲಿ ನಿಂತಿತು. ಅದರ 300 ಟಿಡಿಐ ಎಂಜಿನನ್ನು ಸಾಧಾರಣ ಸ್ಪ್ಯಾನರ್ ಸೆಟ್ಟಿನಿಂದ ರಸ್ತೆಬದಿಯಲ್ಲೇ ಬಿಚ್ಚಬಹುದು. ನಂತರ ಬಂದ ಟಿಡಿ5ಕ್ಕೆ ಹೆಚ್ಚು ಶಕ್ತಿಯಿದೆ, ಜೊತೆಗೆ ಕಂಪ್ಯೂಟರೂ ಇದೆ. ಡಿಫೆಂಡರ್‌ನ ಮೈ ಅಲ್ಯೂಮಿನಿಯಂ ಎಂದು ನಂಬಿ ತುಕ್ಕನ್ನು ಮರೆಯುವವರಿದ್ದಾರೆ. ಚಾಸಿಯೂ, ಎಂಜಿನ್ ಮತ್ತು ಕ್ಯಾಬಿನ್ನಿನ ನಡುವಿನ ಗೋಡೆಯೂ ಉಕ್ಕಿನವೇ. ಇಬ್ಬರಿಗಿಂತ ಹೆಚ್ಚಿಲ್ಲದೆ, ಸಾಮಾನೂ ಕಡಿಮೆಯಿದ್ದರೆ 1998ರಿಂದ 2018ರವರೆಗೆ ಬಂದ ಸುಝುಕಿ ಜಿಮ್ನಿಯನ್ನು ಕಡೆಗಣಿಸಬಾರದು. ದೊಡ್ಡ ಗಾಡಿ ಹೂತುಹೋಗುವ ಮರಳಿನಲ್ಲಿ ಅದು ಹಗುರವಾಗಿ ದಾಟುತ್ತದೆ, ಹೂತರೂ ಇಬ್ಬರು ಸೇರಿ ನೂಕಬಹುದು.

ಕಂಪ್ಯೂಟರ್ ಇಲ್ಲದ ಹಳೆಯ ಎಂಜಿನೋ, ಕಂಪ್ಯೂಟರ್ ಇರುವ ಹೊಸತೋ ಎಂಬ ಜಗಳ ಮುಗಿಯುವಂಥದ್ದಲ್ಲ. ಎಲೆಕ್ಟ್ರಾನಿಕ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಹೆದರಬೇಕಿಲ್ಲ. ಒಂದು ಸ್ಕ್ಯಾನರ್, ಒಂದೆರಡು ಸೆನ್ಸರ್ ಇಟ್ಟುಕೊಂಡರೆ ಅರ್ಧ ತೊಂದರೆ ನೀಗುತ್ತದೆ. ನಿಜವಾಗಿ ಗಾಡಿಯನ್ನು ಕಟ್ಟಿಹಾಕುವುದು ಇಂಧನದ ಗುಣಮಟ್ಟ. ಯುರೋಪಿನ ಹೊಗೆ ನಿಯಮದ ಯೂರೋ 6 ಹಂತದ ಡೀಸೆಲ್ ಗಾಡಿಗಳು 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು) ಗಂಧಕದ ಡೀಸೆಲ್ ಕುಡಿಯಲು ಹುಟ್ಟಿದವು. ನೂರಾರು, ಸಾವಿರಾರು ಪಿಪಿಎಂ ಗಂಧಕವಿರುವ ಡೀಸೆಲ್ ಮಾರುವ ದೇಶಗಳಲ್ಲಿ ಅವುಗಳ ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಡ್‌ಬ್ಲೂ ಎಂಬ, ಹೊಗೆಯನ್ನು ಶುದ್ಧಗೊಳಿಸುವ ದ್ರವ ಸಿಗದ ಕಡೆ ಅದರ ಟ್ಯಾಂಕ್ ಬರಿದಾದರೆ ಎಂಜಿನ್ ಮತ್ತೆ ಶುರುವಾಗುವುದೇ ಇಲ್ಲ. ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಇಂಥ ಇಂಧನವನ್ನು ಸಹಿಸುತ್ತದೆ. ಗಂಧಕದ ಆಮ್ಲ ಎಂಜಿನ್ ಆಯಿಲ್ಲನ್ನು ಬೇಗ ಕೆಡಿಸುವುದರಿಂದ ಆಯಿಲ್ ಬದಲಿಸುವ ಅಂತರವನ್ನು ಮಾತ್ರ ಅರ್ಧಕ್ಕಿಳಿಸಬೇಕು. ಹಾಗಾಗಿ ಮೊದಲು ದಾರಿ ನಿರ್ಧರಿಸಿ, ಆಮೇಲೆ ಎಂಜಿನ್. ಒಳ್ಳೆಯ ಇಂಧನ ಸಿಗುವ ದೇಶಗಳಲ್ಲೇ ಸುತ್ತುವವರಿಗೆ ಹೊಸ ಎಂಜಿನ್ನಿನ ಮೌನ, ಕಡಿಮೆ ಡೀಸೆಲ್ ಖರ್ಚು ದೊಡ್ಡ ಲಾಭ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ತಜಿಕಿಸ್ತಾನದ ಪಾಮಿರ್ ಹೆದ್ದಾರಿಯಲ್ಲಿ 4,655 ಮೀಟರ್ ಎತ್ತರದ ಅಕ್ ಬೈತಾಲ್ ಕಣಿವೆಮಾರ್ಗವನ್ನು ಭಾರ ಹೊತ್ತ 1ಎಚ್‌ಝಡ್ ಏರುವುದು ಎರಡನೇ ಗೇರಿನಲ್ಲಿ, ಕಪ್ಪು ಹೊಗೆ ಉಗುಳುತ್ತ. ಏರುತ್ತದೆ, ಅದರಲ್ಲಿ ಅನುಮಾನವಿಲ್ಲ; ಹಿಂದೆ ಬರುವವರ ತಾಳ್ಮೆಯ ಮಾತು ಬೇರೆ.

ಕೊಳ್ಳುವ ಮುನ್ನ

ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಹೊತ್ತಿಗೆ ಮಾರುವವನು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಮರುದಿನ ಮತ್ತೆ ಹೋಗಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು ಅಥವಾ ಇಂಜೆಕ್ಟರ್ ದುರ್ಬಲವಾಗಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸುಗುಟ್ಟಿಕೊಂಡು ಗಾಳಿ ಬರಬಾರದು. ಆಮೇಲೆ ಗಾಡಿಯ ಕೆಳಗೆ ಮಲಗಬೇಕು. ಚಾಸಿಗೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡುವ ಬದಲು ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ. ಮುಂದಿನ ಹಬ್ಬುಗಳ ಸೀಲ್ ಸೋರುತ್ತಿದೆಯೇ, ಪ್ರೊಪೆಲರ್ ಶಾಫ್ಟಿನ ಕ್ರಾಸುಗಳಲ್ಲಿ ಸಡಿಲವಿದೆಯೇ, ಕಡಿದಾದ ಏರು, ಮರಳಿಗೆಂದಿರುವ ಲೋ ಗೇರ್ ನಿಜಕ್ಕೂ ಬೀಳುತ್ತದೆಯೇ ಎಂದು ನೋಡಿ. ವರ್ಷಗಟ್ಟಲೆ ಟಾರು ರಸ್ತೆಯಲ್ಲಷ್ಟೇ ಓಡಿದ ಗಾಡಿಯ ಲೋ ಗೇರ್ ಸನ್ನೆ ಜಡ್ಡುಗಟ್ಟಿರುವುದು ಮಾಮೂಲು.

ಕಾಗದಪತ್ರಗಳ ಒಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಗಡಿಯಲ್ಲಿ ಕಸ್ಟಮ್ಸ್ ಅಧಿಕಾರಿ ಬಾನೆಟ್ ತೆಗೆಸಿ ಚಾಸಿ ನಂಬರನ್ನೂ ಕೆಲವೊಮ್ಮೆ ಎಂಜಿನ್ ನಂಬರನ್ನೂ ದಾಖಲೆಯೊಂದಿಗೆ ಹೋಲಿಸಿ ನೋಡುತ್ತಾನೆ. ಈಜಿಪ್ಟಿನಂಥ ದೇಶಗಳು ಕೇಳುವ ಕಾರ್ನೆ ಎಂಬ ತಾತ್ಕಾಲಿಕ ಆಮದು ಪತ್ರದಲ್ಲಿ ಈ ವಿವರಗಳೆಲ್ಲ ಬರೆದಿರುತ್ತವೆ. ಅದರ ಅವಧಿ ಒಂದು ವರ್ಷ, ಅದಕ್ಕೆ ಭದ್ರತೆಯಾಗಿ ಹಣ ಇಡಬೇಕು. ಎಂಜಿನ್ ಬದಲಾಯಿಸಿದ ಗಾಡಿ ಎಷ್ಟೇ ಚೆನ್ನಾಗಿ ಓಡಲಿ, ಆ ಬದಲಾವಣೆ ನೋಂದಣಿ ಪತ್ರದಲ್ಲಿ ನಮೂದಾಗಿಲ್ಲದಿದ್ದರೆ ಕೊಳ್ಳಬೇಡಿ. ತುಕ್ಕು ಹಿಡಿದು ಓದಲಾಗದ ಚಾಸಿ ನಂಬರ್ ಇದ್ದರೂ ಅಷ್ಟೇ.

ಮೊದಲ ಖರ್ಚು ಯಾವುದಕ್ಕೆ

ಗಾಡಿ ಕೈಗೆ ಬಂದ ದಿನವೇ ಛಾವಣಿಯ ಅಳತೆ ತೆಗೆದುಕೊಳ್ಳುವ ಆಸೆಯನ್ನು ತಡೆಹಿಡಿಯಬೇಕು. ಮಾರುವವನು ಏನೇ ಹೇಳಿರಲಿ, ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಎರಡೂ ಡಿಫರೆನ್ಶಿಯಲ್ ಇಷ್ಟರ ಆಯಿಲ್ ಬದಲಿಸಿ. ಬಸಿದ ಆಯಿಲ್ಲಿನಲ್ಲಿ ಲೋಹದ ಚೂರುಗಳಿವೆಯೇ, ಹಾಲಿನಂತೆ ಬೆಳ್ಳಗಾಗಿದೆಯೇ ನೋಡಿ. ಬೆಳ್ಳಗಾಗಿದ್ದರೆ ನೀರು ಸೇರಿದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ದಾಖಲೆಯಿಲ್ಲದಿದ್ದರೆ ಈಗಲೇ ಹಾಕಿಸಿ. 1ಎಚ್‌ಝಡ್‌ಗೆ ಅದರ ಆಯುಷ್ಯ 1,00,000 ಕಿ.ಮೀ., ತುಂಡಾದರೆ ವಾಲ್ವ್ ಮತ್ತು ಪಿಸ್ಟನ್ ಡಿಕ್ಕಿ ಹೊಡೆದುಕೊಳ್ಳುತ್ತವೆ. ಕೂಲೆಂಟ್ ಹೋಸ್, ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್, ಚಕ್ರದ ಬೇರಿಂಗ್, ಬ್ರೇಕ್ ಹೋಸ್, ಬ್ರೇಕ್ ಆಯಿಲ್: ಇವುಗಳಲ್ಲಿ ಯಾವುದೂ ಫೋಟೊದಲ್ಲಿ ಚೆಂದ ಕಾಣುವುದಿಲ್ಲ, ಆದರೆ ಪ್ರಯಾಣ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಇವುಗಳಿಂದಲೇ. ತೆಗೆದ ಬೆಲ್ಟು, ಹೋಸುಗಳು ಇನ್ನೂ ಚೆನ್ನಾಗಿದ್ದರೆ ಎಸೆಯಬೇಡಿ, ಬಿಡಿಭಾಗದ ಪೆಟ್ಟಿಗೆಗೆ ಹಾಕಿ. ಅವು ನಿಮ್ಮ ಗಾಡಿಗೆ ಹೊಂದುತ್ತವೆ ಎಂಬುದು ಈಗಾಗಲೇ ಖಚಿತವಾಗಿದೆ.

ತೂಕ

ಸಲಕರಣೆಗಳನ್ನು ಬೆಲೆಯಿಂದಲ್ಲ, ಕೆ.ಜಿ.ಯಿಂದ ಹೋಲಿಸಬೇಕು ಎಂಬುದು ನನ್ನ ಹಟ. ಒಂದು ಉದಾಹರಣೆ ನೋಡಿ. ಗಾಡಿಯ ಗರಿಷ್ಠ ತೂಕ 3,000 ಕೆ.ಜಿ., ಖಾಲಿ ತೂಕ 2,300 ಎಂದುಕೊಳ್ಳೋಣ; ಉಳಿದದ್ದು 700. ಇಬ್ಬರು ಜನ 150, ಹೆಚ್ಚುವರಿ 100 ಲೀಟರ್ ಡೀಸೆಲ್ 84, ನೀರು 60, ಛಾವಣಿಯ ಟೆಂಟ್ 60, ರ‍್ಯಾಕ್ 40, ಬಂಪರ್ ಮತ್ತು ವಿಂಚ್ 90, ಎರಡನೇ ಸ್ಟೆಪ್ನಿ 35, ಡ್ರಾಯರ್ 60, ತುಂಬಿದ ಫ್ರಿಡ್ಜ್ 35, ಎರಡನೇ ಬ್ಯಾಟರಿ 30, ಉಪಕರಣ ಮತ್ತು ಬಿಡಿಭಾಗ 50, ಗಾಡಿ ಎತ್ತುವ ಎಳೆಯುವ ಸಾಮಾನು 30. ಒಟ್ಟು 724. ಬಟ್ಟೆ, ಒಲೆ, ಊಟದ ಸಾಮಾನು ಇನ್ನೂ ಒಳಗೆ ಬಂದೇ ಇಲ್ಲ, ಆಗಲೇ ಮಿತಿ ದಾಟಿದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಿಂಭಾಗ ಜೋತು ಬೀಳುವುದು ನಿಲ್ಲುತ್ತದೆ ಅಷ್ಟೇ. ಬ್ರೇಕು, ಆಕ್ಸಲ್, ಚಾಸಿಯ ಮಿತಿ ಅದರಿಂದ ಮೇಲೇರುವುದಿಲ್ಲ, ವಿಮೆಯವರು ಒಪ್ಪುವ ತೂಕವೂ ಬದಲಾಗುವುದಿಲ್ಲ.

ಈ ಪಟ್ಟಿಯಿಂದ ಮೊದಲು ಏನನ್ನು ತೆಗೆಯಬೇಕು? ನಾನಾದರೆ ವಿಂಚ್. ವಿಂಚಿಗೆ ಕಟ್ಟಲು ಮರವೋ ಬಂಡೆಯೋ ಬೇಕು, ಮರುಭೂಮಿಯಲ್ಲಿ ಎರಡೂ ಇರುವುದಿಲ್ಲ. ಒಬ್ಬಂಟಿಯಾಗಿ ಕೆಸರಿನ ಕಾಡುದಾರಿ ಹಿಡಿಯುವವರಿಗೆ ಅದು ಬೇಕು, ಆಗ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವ ಸಾಮರ್ಥ್ಯ ಇರುವುದನ್ನೇ ಹಾಕಿಸಿ, ಉಕ್ಕಿನ ಹಗ್ಗಕ್ಕಿಂತ ಹಗುರವಾದ ಸಿಂಥೆಟಿಕ್ ಹಗ್ಗ ಆರಿಸಿ. ಉಳಿದವರಿಗೆ ಸಲಿಕೆ, ಚಕ್ರದಡಿ ಇಡುವ ಎರಡು ಹಲಗೆ, ಎಳೆಯುವ ಹಗ್ಗ, ಗಾಳಿ ತುಂಬುವ ಕಂಪ್ರೆಸರ್ ಸಾಕು. ಟ್ರೇಲರ್ ಕೊಂಡಿಯ ದುಂಡು ತಲೆಗೆ ಹಗ್ಗ ಸಿಕ್ಕಿಸಿ ಎಳೆಯಬಾರದು. ಅದು ಕಿತ್ತು ಹಾರಿ ಜನ ಸತ್ತಿದ್ದಾರೆ. ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗಳಿಗಷ್ಟೇ ಕಟ್ಟಬೇಕು.

ಟೈರ್

ಮಡ್ ಟೈರ್ ನೋಡಲು ಗಂಭೀರ, ಕೆಸರಿನಲ್ಲಿ ನಿಜಕ್ಕೂ ಚೆನ್ನ. ಆದರೆ ದೂರದ ಪ್ರಯಾಣದ ಬಹುಪಾಲು ಟಾರು ಮತ್ತು ಜಲ್ಲಿ ರಸ್ತೆಯಲ್ಲೇ ಕಳೆಯುತ್ತದೆ. ಅಲ್ಲಿ ಅದು ಗದ್ದಲ ಮಾಡುತ್ತದೆ, ಬೇಗ ಸವೆಯುತ್ತದೆ, ಮಳೆಯಲ್ಲಿ ಜಾರುತ್ತದೆ. ಆಲ್ ಟೆರೇನ್ ಟೈರ್ ಆರಿಸಿ, ಅದೂ ಬದಿಯ ಗೋಡೆ ಗಟ್ಟಿಯಿರುವ 10 ಪ್ಲೈ (ಹೆಚ್ಚು ಭಾರ ಹೊರುವ) ದರ್ಜೆಯದು. ಅಳತೆ 16 ಇಂಚಿನದಾದರೆ ಒಳ್ಳೆಯದು: 235/85, 265/75, 7.50 ಈ ಅಳತೆಗಳು ಲಾರಿ, ಪಿಕಪ್ ಓಡುವ ಕಡೆಯೆಲ್ಲ ಒಂದಲ್ಲ ಒಂದು ಅಂಗಡಿಯಲ್ಲಿ ಸಿಗುತ್ತವೆ, 18 ಇಂಚಿನದು ಸಿಗುವುದು ರಾಜಧಾನಿಯಲ್ಲಿ. ಉಕ್ಕಿನ ರಿಮ್ ಬಾಗಿದರೆ ಸುತ್ತಿಗೆಯಿಂದ ತಟ್ಟಿ ಸರಿಮಾಡಬಹುದು, ಅಲಾಯ್ ಬಿರುಕು ಬಿಟ್ಟರೆ ಮುಗಿಯಿತು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಯ ತಯಾರಿಕೆಯ ಗುರುತನ್ನೂ ಓದಿ; 2319 ಎಂದರೆ 2019ರ 23ನೇ ವಾರ. ಗಾಡಿಯ ಜೊತೆ ಬಂದ ಟೈರಿನ ಗೀರು ಆಳವಾಗಿದ್ದರೂ ರಬ್ಬರ್ ಹಳತಾಗಿದ್ದರೆ ಅದನ್ನು ನಂಬಿ ಹೊರಡಬಾರದು.

ಟೈರಿಗಿಂತ ಹೆಚ್ಚು ಕೆಲಸ ಮಾಡುವುದು ಅದರೊಳಗಿನ ಗಾಳಿಯ ಒತ್ತಡ. ಟಾರಿನ ಮೇಲೆ 35ರಿಂದ 40 ಪಿಎಸ್‌ಐ ಇಟ್ಟ ಭಾರದ ಗಾಡಿಯನ್ನು ಮರಳಿನಲ್ಲಿ 18ಕ್ಕೆ, ತೀರಾ ಮೆತ್ತಗಿದ್ದರೆ 15ಕ್ಕೆ ಇಳಿಸಿದರೆ ಸಿಕ್ಕಿಬೀಳುವ ಪ್ರಸಂಗಗಳೇ ಕಡಿಮೆಯಾಗುತ್ತವೆ. ಮತ್ತೆ ಟಾರಿಗೆ ಬಂದೊಡನೆ ತುಂಬಿಸದಿದ್ದರೆ ಟೈರ್ ಕಾದು ಸಿಡಿಯುತ್ತದೆ. ಒಂದು ಒಳ್ಳೆಯ ಕಂಪ್ರೆಸರಿಗೆ ಹಣ ಹಾಕಲು ಹಿಂದೆಮುಂದೆ ನೋಡಬೇಡಿ.

ಮಲಗುವುದು, ಕರೆಂಟು, ಇಂಧನ

ಛಾವಣಿಯ ಟೆಂಟ್ ಬಿಚ್ಚುವುದು ಬೇಗ, ನೆಲದ ಕೆಸರು, ಹಾವು ಹುಳುಗಳ ಭಯವಿಲ್ಲ. ಅದರ ಬೆಲೆ ತೆರುವುದು ಎತ್ತರದಲ್ಲಿ: ಗಾಡಿಯ ಗುರುತ್ವಕೇಂದ್ರ ಮೇಲೇರುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಗಾಳಿ ಬೀಸಿದ ರಾತ್ರಿ ನಿದ್ದೆ ಬರುವುದಿಲ್ಲ. ಇನ್ನೊಂದು ಮಾತು ಕಂಟೇನರಿನದು. ಪನಾಮಾ ಮತ್ತು ಕೊಲಂಬಿಯಾ ನಡುವಿನ ಡೇರಿಯನ್ ಕಾಡಿನಲ್ಲಿ ಸುಮಾರು 100 ಕಿ.ಮೀ. ರಸ್ತೆಯೇ ಇಲ್ಲ, ಗಾಡಿಯನ್ನು ಹಡಗಿನಲ್ಲಿ ಕಳಿಸಲೇಬೇಕು. ಸಾಧಾರಣ ಕಂಟೇನರಿನ ಬಾಗಿಲ ಎತ್ತರ ಸುಮಾರು 2.28 ಮೀಟರ್. ಎತ್ತರಿಸಿದ ಸಸ್ಪೆನ್ಷನ್, ರ‍್ಯಾಕ್, ಟೆಂಟ್ ಸೇರಿದರೆ ಅಷ್ಟರಲ್ಲಿ ತೂರುವುದಿಲ್ಲ. ಆಗ ಎತ್ತರದ ಕಂಟೇನರ್ ಹುಡುಕಬೇಕು, ಇಲ್ಲವೇ ಟೆಂಟ್ ಕಳಚಬೇಕು, ಇಲ್ಲವೇ ಗಾಡಿಯ ಕೀಲಿಯನ್ನು ಬೇರೆಯವರ ಕೈಗೊಪ್ಪಿಸಿ ವಾಹನ ಹಡಗಿನಲ್ಲಿ ಕಳಿಸಬೇಕು. 80 ಸರಣಿಯಂಥ ಉದ್ದದ ಗಾಡಿಯಲ್ಲಿ ಹಿಂದಿನ ಸೀಟು ತೆಗೆದು ಹಲಗೆಯ ಮಂಚ ಮಾಡಿಕೊಂಡರೆ ಈ ತಲೆನೋವೆಲ್ಲ ಇಲ್ಲ. ಊರ ನಡುವೆ ನಿಲ್ಲಿಸಿದರೂ ಒಳಗೆ ಯಾರೋ ಮಲಗಿದ್ದಾರೆಂದು ಗೊತ್ತಾಗುವುದಿಲ್ಲ. ಮಕ್ಕಳಿದ್ದರೆ ಮಾತ್ರ ನೆಲದ ಟೆಂಟನ್ನೇ ನೆಚ್ಚಿಕೊಳ್ಳಿ.

ಬ್ಯಾಟರಿಯ ಲೆಕ್ಕವನ್ನು ಫ್ರಿಡ್ಜಿನಿಂದ ಶುರುಮಾಡಬೇಕು. ಕಂಪ್ರೆಸರ್ ಇರುವ 40–50 ಲೀಟರಿನ ಫ್ರಿಡ್ಜ್ ಬಿಸಿಲಿನ ದಿನ 30ರಿಂದ 50 ಆಂಪಿಯರ್-ಗಂಟೆ ತೆಗೆದುಕೊಳ್ಳುತ್ತದೆ. 100 ಆಂಪಿಯರ್-ಗಂಟೆಯ ಎಜಿಎಂ (ಸೀಸ-ಆಮ್ಲದ ಒಂದು ಬಗೆ) ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ, ಅಂದರೆ ಒಂದು ದಿನ ನಿಂತರೆ ಮುಗಿಯಿತು. ಅಷ್ಟೇ ಸಾಮರ್ಥ್ಯದ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ 80 ಭಾಗಕ್ಕೂ ಹೆಚ್ಚು ಕೊಡುತ್ತದೆ, ತೂಕ ಅರ್ಧಕ್ಕಿಂತ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಆಲ್ಟರ್ನೇಟರ್ ಸುಡದಿರಲು ನಡುವೆ ಡಿಸಿ ಚಾರ್ಜರ್ ಬೇಕೇ ಬೇಕು. ದಿನಾಲೂ ಓಡಿಸುವವರಿಗೆ ಎಜಿಎಂ ಮತ್ತು ಒಂದು ಸರಳ ರಿಲೇ ಸಾಕು. ಒಂದೇ ಕಡೆ ನಾಲ್ಕು ದಿನ ನಿಲ್ಲುವವರು ಲಿಥಿಯಂ ಮತ್ತು ಸೋಲಾರ್ ಹಾಕಿಸಲಿ. ಫ್ರಿಡ್ಜ್ ಇಲ್ಲದೆಯೂ ಬದುಕಬಹುದು ಎನ್ನುವವರಿಗೆ ಈ ಇಡೀ ಪರಿಚ್ಛೇದವೇ ಬೇಡ.

ಡೀಸೆಲ್ಲಿಗೆ, ಸಾಧ್ಯವಾದರೆ ಚಾಸಿಯ ಕೆಳಗೆ ಕೂರುವ ದೊಡ್ಡ ಟ್ಯಾಂಕ್. ಭಾರ ಕೆಳಗೇ ಉಳಿಯುತ್ತದೆ. ಅಪರೂಪಕ್ಕೆ ಒಮ್ಮೆ ಮಾತ್ರ ದೂರದ ಹಾದಿ ಬರುವುದಾದರೆ ಎರಡು ಜೆರ್ರಿಕ್ಯಾನ್ ಸಾಕು, ಉಳಿದ ದಿನ ಖಾಲಿಯಿರಲಿ, ಛಾವಣಿಯ ಮೇಲಂತೂ ಬೇಡ. ಸ್ನಾರ್ಕೆಲ್ ನದಿ ದಾಟಲೆಂದೇ ಎಂದು ಭಾವಿಸುವವರು ಹೆಚ್ಚು. ಧೂಳಿನ ರಸ್ತೆಯಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಅದರ ದಿನನಿತ್ಯದ ಕೆಲಸ. ಕೀಲುಗಳು ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಎರಡಕ್ಕೂ ಪ್ರಯೋಜನವಿಲ್ಲ.

ಸ್ಪ್ರಿಂಗ್ ಕೊನೆಗೆ

ಸಸ್ಪೆನ್ಷನ್ನನ್ನು ಮೊದಲು ಕೊಂಡು ಆಮೇಲೆ ಸಾಮಾನು ಸೇರಿಸುವುದು ರೂಢಿ, ಆಗಬೇಕಾದದ್ದು ತಿರುಗುಮುರುಗು. ಎಲ್ಲ ಸಾಮಾನು ತುಂಬಿ, ಟ್ಯಾಂಕ್ ಭರ್ತಿ ಮಾಡಿ, ಇಬ್ಬರೂ ಕೂತು ಗಾಡಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ; ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆಯಾಗಿ ತೂಗಿಸಿ. ಆ ಎರಡು ಅಂಕಿಗಳನ್ನು ಹಿಡಿದು ಸ್ಪ್ರಿಂಗ್ ಕೊಂಡರೆ ತಪ್ಪುವುದಿಲ್ಲ. 400 ಕೆ.ಜಿ.ಗೆಂದು ಮಾಡಿದ ಸ್ಪ್ರಿಂಗಿನ ಮೇಲೆ 150 ಹೇರಿದರೆ ಬೆನ್ನು ನೋಯುತ್ತದೆ, ಮೇಲಾಗಿ ಆ ಕುಲುಕಾಟಕ್ಕೆ ರ‍್ಯಾಕಿನ ಬೆಸುಗೆಗಳು ಬಿರುಕು ಬಿಡುತ್ತವೆ. ಎತ್ತರ 40–50 ಮಿ.ಮೀ. ಹೆಚ್ಚಿದರೆ ಸಾಕು. ಅದಕ್ಕಿಂತ ಮೇಲೆ ಹೋದರೆ ಪ್ರೊಪೆಲರ್ ಶಾಫ್ಟಿನ ಕೋನ, ಸ್ಟೀರಿಂಗಿನ ನಡತೆ ಎಲ್ಲ ಕೆಡುತ್ತವೆ. ಜಲ್ಲಿ ರಸ್ತೆಯ ಉಬ್ಬುತಗ್ಗಿನಲ್ಲಿ ಮೊದಲು ಸೋಲುವುದು ಶಾಕ್ ಅಬ್ಸಾರ್ಬರ್, ಹಾಗಾಗಿ ಸ್ಪ್ರಿಂಗಿನಲ್ಲಿ ಉಳಿಸಿದ ಹಣವನ್ನು ಅದಕ್ಕೆ ಹಾಕಿ.

ಇಷ್ಟಾದ ಮೇಲೆ ಗ್ಯಾರೇಜಿನಿಂದ ನೇರವಾಗಿ ಗಡಿಗೆ ಹೊರಡಬೇಡಿ. ಪೂರ್ತಿ ಭಾರದಲ್ಲಿ, ಕೆಟ್ಟ ರಸ್ತೆಯನ್ನೇ ಹುಡುಕಿಕೊಂಡು, ಒಂದೆರಡು ಸಾವಿರ ಕಿ.ಮೀ. ಓಡಿಸಿ ಬನ್ನಿ. ಬಂದವರೇ ಚಕ್ರದ ನಟ್ಟುಗಳಿಂದ ಹಿಡಿದು ಸಸ್ಪೆನ್ಷನ್, ರ‍್ಯಾಕ್, ಬ್ಯಾಟರಿ ತಟ್ಟೆಯವರೆಗೆ ಬಿಚ್ಚಿ ಹಾಕಿದ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿ ಮಾಡಿಸಿ, ಸೋರುತ್ತಿರುವ ಸೀಲುಗಳನ್ನು ಬದಲಿಸಿ. ಆ ಓಡಾಟದಲ್ಲಿ ಒಮ್ಮೆಯೂ ಕೈಗೆತ್ತಿಕೊಳ್ಳದ ಸಾಮಾನನ್ನೆಲ್ಲ, ಔಷಧಿ ಮತ್ತು ಗಾಡಿಯ ಬಿಡಿಭಾಗ ಬಿಟ್ಟು, ಮನೆಯಲ್ಲೇ ಇಳಿಸಿ. ಇಳಿಸಿದ ಮೇಲೆ ಇನ್ನೊಮ್ಮೆ ತೂಗಿಸಿ.